ಪರದೇಶದ ನಾಯಕನ ಬೆಂಬಲ ಗೆಳೆಯರಿಗೇ ಮುಳುವಾಗುವುದು ಯಾವಾಗ?

ಪ್ರಶ್ನೆ: 2025ರಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ವರ್ಷದ ಆರಂಭದ ಸಮೀಕ್ಷೆಗಳಲ್ಲಿ ಮುಂದಿದ್ದ ಬಲಪಂಥೀಯ ಪಕ್ಷಗಳು ಚುನಾವಣೆಯಲ್ಲಿ ಸೋತವು. ಡೊನಾಲ್ಡ್ ಟ್ರಂಪ್ ಅವರ ನೆರಳು ಬಿದ್ದದ್ದೇ ಕಾರಣ ಎಂದು ಹಲವರು ಬರೆದರು. ಆದರೆ ಅದೇ ಟ್ರಂಪ್ ಬಹಿರಂಗವಾಗಿ ಬೆಂಬಲಿಸಿದವರು ಪೋಲೆಂಡ್‌ನಲ್ಲಿಯೂ ಅರ್ಜೆಂಟಿನಾದಲ್ಲಿಯೂ ಗೆದ್ದರು. ಹಾಗಾದರೆ ಹೊರದೇಶದ ನಾಯಕರೊಬ್ಬರ ಬೆಂಬಲ ನಿಜಕ್ಕೂ ಹಾನಿ ಮಾಡುತ್ತದೆಯೇ? ಮಾಡುವುದಾದರೆ ಹೇಗೆ, ಮತ್ತು ಅದರಿಂದ ಪಾರಾಗುವ ದಾರಿ ಇದೆಯೇ?

ಉತ್ತರ: ಕೆನಡಾವನ್ನೂ ಪೋಲೆಂಡನ್ನೂ ಒಟ್ಟಿಗೆ ಇಟ್ಟು ಕೇಳಿರುವುದರಿಂದ ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗವಿದೆ. ಎರಡರಲ್ಲಿ ಒಂದನ್ನು ಮಾತ್ರ ನೋಡುವವರು ಅವಸರದ ತೀರ್ಮಾನಕ್ಕೆ ಬರುತ್ತಾರೆ. ಹೊರದೇಶದ ನಾಯಕನ ಬೆಂಬಲ ಹಾನಿ ಮಾಡುವುದು ಖಂಡಿತ ಉಂಟು, ಆದರೆ ಆ ನಾಯಕನನ್ನು ಕಂಡರೆ ಜನರಿಗೆ ಆಗದು ಎಂಬುದೊಂದೇ ಅದಕ್ಕೆ ಸಾಲದು. ಆತ ತಮ್ಮ ದೇಶಕ್ಕೇ ಕೇಡು ಬಗೆಯುತ್ತಿದ್ದಾನೆ ಎಂದು ಮತದಾರರಿಗೆ ಅನ್ನಿಸಬೇಕು, ತಮ್ಮ ನಡುವಿನ ಒಬ್ಬ ನಾಯಕ ಆತನ ಪಡಿಯಚ್ಚಿನಂತೆ ಕಾಣಬೇಕು, ಮತ್ತು ಅಲ್ಲಿಯವರೆಗೆ ಹಲವು ಪಕ್ಷಗಳಿಗೆ ಹಂಚಿಹೋಗುತ್ತಿದ್ದ ವಿರೋಧಿ ಮತಗಳು ಬಂದು ನೆಲೆಸಲು ಒಂದು ಪಕ್ಷ ಸಿದ್ಧವಾಗಿರಬೇಕು. ಈ ಮೂರನೆಯ ಅಂಶವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಕೆನಡಾದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. 2025ರ ಜನವರಿ 6ರಂದು ಜಸ್ಟಿನ್ ಟ್ರುಡೊ ರಾಜೀನಾಮೆಯ ನಿರ್ಧಾರ ಪ್ರಕಟಿಸಿದಾಗ ಅವರ ಲಿಬರಲ್ ಪಕ್ಷ ಒಂಬತ್ತು ವರ್ಷಗಳ ಆಡಳಿತದಿಂದ ಬಸವಳಿದಿತ್ತು. ಮನೆಗಳ ಬೆಲೆ, ದಿನಸಿಯ ಬೆಲೆ, ವಲಸೆ, ಇಂಗಾಲದ ತೆರಿಗೆ ಇವೇ ಆಗಿನ ಚರ್ಚೆಯ ವಿಷಯಗಳು. ಸಮೀಕ್ಷೆಗಳಲ್ಲಿ ಪಿಯೆರ್ ಪೊಲಿಯೆವ್ ನೇತೃತ್ವದ ಕನ್ಸರ್ವೇಟಿವ್ ಪಕ್ಷ ಇಪ್ಪತ್ತಕ್ಕೂ ಹೆಚ್ಚು ಶೇಕಡಾಂಶಗಳಷ್ಟು ಮುಂದಿತ್ತು. ಅದೇ ಹೊತ್ತಿಗೆ ಟ್ರಂಪ್ ಕೆನಡಾವನ್ನು ಅಮೆರಿಕದ 51ನೇ ರಾಜ್ಯವಾಗಿಸುವ ಮಾತನ್ನು ಪದೇ ಪದೇ ಆಡತೊಡಗಿದರು, ಆ ದೇಶದ ಪ್ರಧಾನಿಯನ್ನು ಗವರ್ನರ್ ಎಂದು ಕರೆದರು, ಫೆಬ್ರುವರಿ 1ರಂದು ಶೇ 25ರ ಸುಂಕದ ಆದೇಶಕ್ಕೆ ಸಹಿ ಹಾಕಿದರು. ಮುಂದೂಡಲಾಗಿದ್ದ ಆ ಸುಂಕ ಮಾರ್ಚ್ 4ರಂದು ಜಾರಿಗೆ ಬಂತು. ಉಕ್ಕು, ಅಲ್ಯೂಮಿನಿಯಂ, ಕಾರುಗಳ ಮೇಲಿನ ಸುಂಕಗಳು ಅದನ್ನು ಹಿಂಬಾಲಿಸಿದವು. ಐಸ್ ಹಾಕಿ ಪಂದ್ಯಗಳಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಪ್ರೇಕ್ಷಕರು ಧಿಕ್ಕಾರ ಕೂಗಿದರು, ಪ್ರಾಂತ್ಯ ಸರ್ಕಾರಗಳ ಮದ್ಯದಂಗಡಿಗಳಿಂದ ಅಮೆರಿಕದ ಬಾಟಲಿಗಳು ಕಣ್ಮರೆಯಾದವು. ಮಾರ್ಚ್ 9ರಂದು ಲಿಬರಲ್ ನಾಯಕರಾಗಿ ಆಯ್ಕೆಯಾದ ಮಾರ್ಕ್ ಕಾರ್ನಿ, ಹಿಂದೆ ಕೆನಡಾ ಮತ್ತು ಇಂಗ್ಲೆಂಡ್ ಎರಡರ ಕೇಂದ್ರ ಬ್ಯಾಂಕುಗಳ ಮುಖ್ಯಸ್ಥರಾಗಿದ್ದವರು. ಏಪ್ರಿಲ್ 28ರ ಮತದಾನದಲ್ಲಿ ಅವರ ಪಕ್ಷ 343 ಸ್ಥಾನಗಳ ಪೈಕಿ 169ನ್ನು ಗೆದ್ದು ಸರ್ಕಾರ ರಚಿಸಿತು.

ಇದನ್ನು ಓದಿದವರು ಟ್ರಂಪ್ ಮೇಲಿನ ಸಿಟ್ಟಿನಿಂದ ಕನ್ಸರ್ವೇಟಿವ್ ಮತದಾರರು ಪಕ್ಷ ಬಿಟ್ಟು ಓಡಿಹೋದರು ಎಂದುಕೊಳ್ಳುತ್ತಾರೆ. ಅಂಕಿಗಳು ಹಾಗೆ ಹೇಳುವುದಿಲ್ಲ. ಪೊಲಿಯೆವ್ ಅವರ ಪಕ್ಷಕ್ಕೆ ಶೇ 41.3ರಷ್ಟು ಮತ ಬಂತು. 1988ರ ನಂತರ ಅಲ್ಲಿನ ಯಾವ ಕನ್ಸರ್ವೇಟಿವ್ ಪಕ್ಷಕ್ಕೂ ಅಷ್ಟು ಮತ ಬಿದ್ದಿರಲಿಲ್ಲ. 2021ರಲ್ಲಿ ಶೇ 34ರ ಆಸುಪಾಸಿನಲ್ಲಿದ್ದ ಪಕ್ಷ ಏಳಕ್ಕೂ ಹೆಚ್ಚು ಶೇಕಡಾಂಶ ಬೆಳೆದು, 119 ಸ್ಥಾನಗಳಿಂದ 144ಕ್ಕೆ ಏರಿಯೂ ಸೋತಿತು. ಜನವರಿಯ ಸಮೀಕ್ಷೆಗಳಿಗೆ ಹೋಲಿಸಿದರೆ ಅದು ಕಳೆದುಕೊಂಡದ್ದು ಕೆಲವೇ ಶೇಕಡಾಂಶ. ನಿಜವಾಗಿ ಕುಸಿದದ್ದು ಎಡಪಂಥೀಯ ನ್ಯೂ ಡೆಮಾಕ್ರಟಿಕ್ ಪಕ್ಷ. ಅದರ ಮತಪ್ರಮಾಣ ಸುಮಾರು ಶೇ 18ರಿಂದ ಶೇ 6ಕ್ಕೆ ಇಳಿಯಿತು, ಸ್ಥಾನಗಳು 25ರಿಂದ 7ಕ್ಕೆ ಇಳಿದವು, ಅದರ ನಾಯಕ ಜಗ್‌ಮೀತ್ ಸಿಂಗ್ ತಮ್ಮ ಕ್ಷೇತ್ರದಲ್ಲೇ ಸೋತರು. ಆ ಮತಗಳಲ್ಲಿ ಬಹುಪಾಲು ಲಿಬರಲ್ ಪಕ್ಷಕ್ಕೆ ಬಂದು ಸೇರಿತು.

ತ್ರಿಕೋನ ಸ್ಪರ್ಧೆಯ ಲೆಕ್ಕಾಚಾರ ಕರ್ನಾಟಕದ ಓದುಗರಿಗೆ ಹೊಸದೇನಲ್ಲ. 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಬಿಜೆಪಿಯ ಮತಪ್ರಮಾಣ ಶೇ 36ರಲ್ಲೇ ಇದ್ದರೂ ಅದರ ಸ್ಥಾನಗಳು 104ರಿಂದ 66ಕ್ಕೆ ಇಳಿದವು, ಏಕೆಂದರೆ ಜೆಡಿಎಸ್ ಸುಮಾರು ಐದು ಶೇಕಡಾಂಶ ಕಳೆದುಕೊಂಡಿತು, ಕಾಂಗ್ರೆಸ್ ಹೆಚ್ಚುಕಡಿಮೆ ಅಷ್ಟನ್ನೇ ಗಳಿಸಿತು. ಅಲ್ಲಿ ಕಾರಣಗಳು ಪೂರ್ತಿ ಬೇರೆ, ವಿದೇಶದ ಯಾರ ಪಾತ್ರವೂ ಇರಲಿಲ್ಲ. ಆದರೆ ಒಂದು ಪಕ್ಷ ತನ್ನ ಮತವನ್ನು ಉಳಿಸಿಕೊಂಡೂ ಸೋಲುವುದು ಹೇಗೆಂದು ಅದು ಸ್ಪಷ್ಟವಾಗಿ ತೋರಿಸುತ್ತದೆ. ಕೆನಡಾದಲ್ಲಿ ಆ ಒಗ್ಗೂಡಿಸುವ ಕೆಲಸವನ್ನು ಮಾಡಿದ್ದು ಗಡಿಯಾಚೆಯ ಅಧ್ಯಕ್ಷರ ಮಾತುಗಳು.

ಕ್ವಿಬೆಕ್ ಪ್ರಾಂತ್ಯದ ಕಥೆ ನನಗೆ ಇದರಲ್ಲೆಲ್ಲ ಅತ್ಯಂತ ಅರ್ಥಪೂರ್ಣವಾಗಿ ಕಾಣುತ್ತದೆ. ಫ್ರೆಂಚ್ ಭಾಷಿಕರ ಆ ಪ್ರಾಂತ್ಯದಲ್ಲಿ ಕೆನಡಾದಿಂದಲೇ ಬೇರೆಯಾಗಬೇಕೆಂಬ ಚಳವಳಿಗೆ ದೀರ್ಘ ಇತಿಹಾಸವಿದೆ. 1995ರ ಜನಮತ ಗಣನೆಯಲ್ಲಿ ಪ್ರತ್ಯೇಕತೆಯ ಪರ ಶೇ 49ಕ್ಕಿಂತ ಹೆಚ್ಚು ಮತ ಬಿದ್ದಿತ್ತು. ಆ ಆಶಯವನ್ನು ಒಕ್ಕೂಟದ ಸಂಸತ್ತಿನಲ್ಲಿ ಪ್ರತಿನಿಧಿಸುವ ಬ್ಲಾಕ್ ಕ್ವಿಬೆಕ್ವಾ ಪಕ್ಷ 2021ರಲ್ಲಿ ಗೆದ್ದಿದ್ದ 32 ಸ್ಥಾನಗಳಿಂದ 2025ರಲ್ಲಿ 22ಕ್ಕೆ ಇಳಿಯಿತು. ಕೆನಡಾದೊಳಗೆ ತಮ್ಮ ಭಾಷೆಗೆ ಇರುವ ಸ್ಥಾನಮಾನ ಸಾಲದೆಂದು ದಶಕಗಳಿಂದ ವಾದಿಸುತ್ತ ಬಂದ ಜನರಲ್ಲಿ ಒಂದು ಭಾಗ, ಅಮೆರಿಕದೊಳಗೆ ಸೇರಿಹೋದರೆ ಆ ಭಾಷೆಯ ಗತಿ ಏನಾದೀತೆಂದು ಯೋಚಿಸಿ, ಕೆನಡಾದ ಪ್ರಧಾನಿಯ ಪಕ್ಷಕ್ಕೇ ಮತ ಹಾಕಿತು. ಹಿಂದಿನ ಪ್ರಶ್ನೆ, ಅಂದರೆ ಟ್ರುಡೊ ಸರ್ಕಾರ ಹೇಗಿತ್ತು ಎಂಬುದು, ಹಿನ್ನೆಲೆಗೆ ಸರಿದು, ಟ್ರಂಪ್ ಎದುರು ನಿಲ್ಲಬಲ್ಲವರು ಯಾರು ಎಂಬ ಪ್ರಶ್ನೆ ಅದರ ಜಾಗಕ್ಕೆ ಬಂತು. ಇಡೀ ಪ್ರಚಾರವನ್ನು ಮೊದಲ ಪ್ರಶ್ನೆಗೆ ತಕ್ಕಂತೆ ಎರಡು ವರ್ಷಗಳಿಂದ ಕಟ್ಟಿಕೊಂಡು ಬಂದಿದ್ದ ಪೊಲಿಯೆವ್ ಅವರಿಗೆ ಕೆಲವೇ ವಾರಗಳಲ್ಲಿ ಎರಡನೆಯದಕ್ಕೆ ಉತ್ತರ ಸಿದ್ಧಪಡಿಸಲು ಆಗಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಟ್ರಂಪ್ ಆ ಚುನಾವಣೆಯಲ್ಲಿ ಪೊಲಿಯೆವ್ ಅವರನ್ನು ಬೆಂಬಲಿಸಿರಲಿಲ್ಲ. ಮಾರ್ಚ್ ತಿಂಗಳ ಟಿವಿ ಸಂದರ್ಶನವೊಂದರಲ್ಲಿ, ತಮಗೆ ಲಿಬರಲ್ ನಾಯಕರೊಂದಿಗೆ ವ್ಯವಹರಿಸುವುದೇ ಸುಲಭ, ಕನ್ಸರ್ವೇಟಿವ್ ನಾಯಕ ತಮ್ಮ ಸ್ನೇಹಿತರಲ್ಲ ಎಂಬ ಅರ್ಥದ ಮಾತನ್ನೇ ಆಡಿದ್ದರು. ಆದರೂ ಅದು ಪೊಲಿಯೆವ್ ಅವರನ್ನು ಉಳಿಸಲಿಲ್ಲ. ಟ್ರಂಪ್‌ಗೆ ಆಗ ಅತ್ಯಂತ ಆಪ್ತರಾಗಿದ್ದ ಇಲಾನ್ ಮಸ್ಕ್ ಜನವರಿಯಲ್ಲೇ ಅವರನ್ನು ಹೊಗಳಿದ್ದರು. ಆಲ್ಬರ್ಟಾ ಪ್ರಾಂತ್ಯದ ಮುಖ್ಯಸ್ಥೆ ಡೇನಿಯಲ್ ಸ್ಮಿತ್ ಅಮೆರಿಕದ ಬಲಪಂಥೀಯ ಮಾಧ್ಯಮವೊಂದಕ್ಕೆ ನೀಡಿದ ಸಂದರ್ಶನದಲ್ಲಿ, ಪೊಲಿಯೆವ್ ಅವರ ದೃಷ್ಟಿಕೋನ ಅಮೆರಿಕದ ಹೊಸ ದಿಕ್ಕಿಗೆ ಬಹಳ ಹೊಂದುತ್ತದೆ, ಚುನಾವಣೆ ಮುಗಿಯುವವರೆಗೆ ಸುಂಕದ ವಿಷಯವನ್ನು ತಡೆಹಿಡಿದರೆ ಒಳ್ಳೆಯದು ಎಂದು ಅಲ್ಲಿನ ಅಧಿಕಾರಿಗಳಿಗೆ ಹೇಳಿದ್ದಾಗಿ ತಿಳಿಸಿದರು. ಮಾಧ್ಯಮಗಳ ಮೇಲಿನ ಹರಿಹಾಯುವಿಕೆ, ಎದುರಾಳಿಗಳಿಗೆ ಅಡ್ಡಹೆಸರಿಡುವ ಚಾಳಿ, ಕೊನೆಗೆ ‘ಕೆನಡಾ ಮೊದಲು’ ಎಂಬ ಘೋಷಣೆ, ಇವೆಲ್ಲವೂ ಮತದಾರರಿಗೆ ಪರಿಚಿತವಾದ ಒಂದು ಶೈಲಿಯನ್ನು ನೆನಪಿಸಿದವು. ಆದ್ದರಿಂದ ಬೆಂಬಲ ಎಂಬುದನ್ನು ಘೋಷಣೆಯ ಅರ್ಥದಲ್ಲಿ ಮಾತ್ರ ತೆಗೆದುಕೊಂಡರೆ ನಮಗೆ ಈ ವಿದ್ಯಮಾನ ಅರ್ಥವಾಗದು. ಹೋಲಿಕೆಯಷ್ಟೇ ಸಾಕು, ಉಳಿದ ಸಂಬಂಧವನ್ನು ಮತದಾರರೇ ಕಲ್ಪಿಸಿಕೊಳ್ಳುತ್ತಾರೆ.

ಪೊಲಿಯೆವ್ ಅವರು 2004ರಿಂದ ಸಂಸದರಾಗಿದ್ದವರು, ಆದರೆ ರಾಜಧಾನಿ ಒಟ್ಟಾವಾದ ತಮ್ಮ ಕಾರ್ಲ್‌ಟನ್ ಕ್ಷೇತ್ರದಲ್ಲೇ ಸೋತರು. ಮುಂದೆ ಆಗಸ್ಟ್‌ನಲ್ಲಿ ಆಲ್ಬರ್ಟಾದ ಸುರಕ್ಷಿತ ಕ್ಷೇತ್ರವೊಂದರ ಉಪಚುನಾವಣೆಯ ಮೂಲಕ ಸಂಸತ್ತಿಗೆ ಮರಳಿದರು. ಪ್ರಧಾನಿ ಕಾರ್ನಿ ಗೆದ್ದದ್ದು ಅದೇ ನಗರದ ನೆಪಿಯನ್ ಕ್ಷೇತ್ರದಿಂದ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವರಾದ, 2022ರಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ಚಂದ್ರ ಆರ್ಯ ಅವರು ಪ್ರತಿನಿಧಿಸುತ್ತಿದ್ದ ಕ್ಷೇತ್ರ ಅದು. ಚುನಾವಣೆಗೆ ಮುನ್ನ ಲಿಬರಲ್ ಪಕ್ಷ ಅವರ ಉಮೇದುವಾರಿಕೆಯನ್ನು ರದ್ದುಪಡಿಸಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಸೇರಿಸದಿದ್ದರೆ ಉತ್ತರ ಪ್ರಾಮಾಣಿಕವಾಗದು. ಕೆನಡಾದಲ್ಲಿ ಟ್ರಂಪ್ ಸುಂಕಗಳು ಬಂದ ಅದೇ ವಾರಗಳಲ್ಲಿ ಟ್ರುಡೊ ನಿರ್ಗಮಿಸಿದರು, ಕಾರ್ನಿ ಅಧಿಕಾರ ವಹಿಸಿಕೊಂಡ ದಿನವೇ ಜನಸಾಮಾನ್ಯರ ಮೇಲಿನ ಇಂಗಾಲದ ತೆರಿಗೆಯನ್ನು ಕೈಬಿಡುವ ನಿರ್ಧಾರಕ್ಕೆ ಸಹಿ ಹಾಕಿದರು. ಪೊಲಿಯೆವ್ ಅವರ ಬತ್ತಳಿಕೆಯ ಎರಡು ದೊಡ್ಡ ಬಾಣಗಳು ಹೀಗೆ ಏಕಕಾಲಕ್ಕೆ ವ್ಯರ್ಥವಾದವು. ಟ್ರಂಪ್ ಇಲ್ಲದೆ ಇಷ್ಟೇ ನಡೆದಿದ್ದರೆ ಅಂತರ ಕಡಿಮೆಯಾಗುತ್ತಿತ್ತು, ಆದರೆ ಫಲಿತಾಂಶ ತಿರುಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಎಡಪಂಥೀಯ ಮತದಾರರೂ ಕ್ವಿಬೆಕ್‌ನ ಪ್ರತ್ಯೇಕತಾವಾದಿಗಳೂ ಒಬ್ಬ ಬ್ಯಾಂಕರ್‌ನ ಹಿಂದೆ ಬಂದು ನಿಲ್ಲಲು ತೆರಿಗೆಯ ವಿಷಯ ಸಾಕಾಗುತ್ತಿರಲಿಲ್ಲ.

ಇದೇ ರೀತಿಯ ಎಚ್ಚರ 2004ರ ಸ್ಪೇನ್ ಬಗ್ಗೆಯೂ ಬೇಕು. ಇರಾಕ್ ಯುದ್ಧದಲ್ಲಿ ಜಾರ್ಜ್ ಬುಷ್ ಜೊತೆ ನಿಂತ ಪ್ರಧಾನಿ ಹೊಸೆ ಮರಿಯಾ ಅಸ್ನಾರ್ ಅವರ ಪಕ್ಷ ಆ ಮಾರ್ಚ್‌ನಲ್ಲಿ ಸೋತದ್ದನ್ನು ಬುಷ್ ಸ್ನೇಹದ ಶಿಕ್ಷೆ ಎಂದು ಹೇಳುವುದುಂಟು. ಯುದ್ಧಕ್ಕೆ ಅಲ್ಲಿ ಅಪಾರ ವಿರೋಧವಿದ್ದದ್ದು ನಿಜ. ಆದರೆ ಮತದಾನಕ್ಕೆ ಮೂರು ದಿನ ಮೊದಲು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿ 190ಕ್ಕೂ ಹೆಚ್ಚು ಜನ ಸತ್ತರು, ಸರ್ಕಾರವು ಅದನ್ನು ಬಾಸ್ಕ್ ಪ್ರತ್ಯೇಕತಾವಾದಿ ಉಗ್ರರ ತಲೆಗೆ ಕಟ್ಟಲು ಹಟ ಹಿಡಿದು ಜನರ ವಿಶ್ವಾಸ ಕಳೆದುಕೊಂಡಿತು. ಅಲ್ಲಿ ಸ್ನೇಹದ ಪಾಲೆಷ್ಟು, ಸುಳ್ಳಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಆಸ್ಟ್ರೇಲಿಯಾದ ಕಥೆ ಚಿಕ್ಕದು. ಕೆನಡಾದ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ಮೇ 3ರಂದು, ಆಂಥೊನಿ ಅಲ್ಬನೀಸ್ ಅವರ ಲೇಬರ್ ಪಕ್ಷ 150ರಲ್ಲಿ 94 ಸ್ಥಾನ ಗೆದ್ದಿತು. ಪ್ರತಿಪಕ್ಷದ ನಾಯಕ ಪೀಟರ್ ಡಟನ್ 2001ರಿಂದ ಕೈಯಲ್ಲಿದ್ದ ಡಿಕ್ಸನ್ ಕ್ಷೇತ್ರವನ್ನು ಕಳೆದುಕೊಂಡರು. ಆಸ್ಟ್ರೇಲಿಯಾವನ್ನು ನುಂಗುವ ಮಾತನ್ನು ಯಾರೂ ಆಡಿರಲಿಲ್ಲ, ಅದರ ಮೇಲೆ ಬಿದ್ದ ಸಾಮಾನ್ಯ ಸುಂಕವೂ ಶೇ 10 ಮಾತ್ರ. ಹಾಗಿದ್ದರೂ ಸರ್ಕಾರಿ ದಕ್ಷತೆಗೆಂದು ಛಾಯಾ ಸಚಿವರ (ಆ ಖಾತೆಯ ಪ್ರತಿಪಕ್ಷದ ವಕ್ತಾರರ) ನೇಮಕ, 41 ಸಾವಿರ ಸರ್ಕಾರಿ ಹುದ್ದೆಗಳ ಕಡಿತದ ಪ್ರಸ್ತಾಪ, ಮನೆಯಿಂದ ಕೆಲಸ ಮಾಡುವ ಸರ್ಕಾರಿ ನೌಕರರನ್ನು ಕಚೇರಿಗೆ ಕರೆಸುವ ಯೋಜನೆ, ಇವು ಅಮೆರಿಕದಲ್ಲಿ ಆಗ ನಡೆಯುತ್ತಿದ್ದುದರ ಪ್ರತಿಗಳಂತೆ ಕಂಡವು. ಮನೆಯಿಂದ ಕೆಲಸದ ಪ್ರಸ್ತಾಪವನ್ನು ಡಟನ್ ಪ್ರಚಾರದ ನಡುವೆಯೇ ಹಿಂತೆಗೆದುಕೊಂಡರು. ಅಲ್ಲಿ ಬೆಲೆ ಏರಿಕೆಯ ಮೇಲಿನ ಪ್ರಚಾರದ ಗೊಂದಲ, ಪರಮಾಣು ವಿದ್ಯುತ್ ಯೋಜನೆಯ ಬಗೆಗಿನ ಆತಂಕಗಳೂ ಕಾರಣಗಳಾಗಿದ್ದವು, ಹಾಗಾಗಿ ಟ್ರಂಪ್ ಅಂಶಕ್ಕೆ ಕೆನಡಾದಷ್ಟು ತೂಕ ಕೊಡುವುದು ಸರಿಯಲ್ಲ.

ಹೊರಗಿನವರ ಮಾತು ತಿರುಗುಬಾಣವಾಗುವುದು ಟ್ರಂಪ್ ಕಾಲದಲ್ಲಿ ಹುಟ್ಟಿದ್ದೇನಲ್ಲ. 1946ರ ಅರ್ಜೆಂಟಿನಾ ಇದರ ಶ್ರೇಷ್ಠ ಉದಾಹರಣೆ. ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಸ್ಪ್ರೂಲ್ ಬ್ರೇಡನ್, ಕರ್ನಲ್ ಹುವಾನ್ ಪೆರೋನ್ ಅವರ ವಿರೋಧಿಗಳನ್ನು ಬಹಿರಂಗವಾಗಿ ಹುರಿದುಂಬಿಸಿದರು. ವಾಷಿಂಗ್ಟನ್‌ಗೆ ಮರಳಿ ಉನ್ನತ ಹುದ್ದೆಗೇರಿದ ಮೇಲೆ, ಪೆರೋನ್ ಬಳಗಕ್ಕೆ ನಾಜಿಗಳೊಂದಿಗೆ ನಂಟಿತ್ತೆಂದು ಆರೋಪಿಸುವ ‘ನೀಲಿ ಪುಸ್ತಕ’ವನ್ನು ಫೆಬ್ರುವರಿ 24ರ ಮತದಾನಕ್ಕೆ ಎರಡು ವಾರವೂ ಇಲ್ಲದಿರುವಾಗ ಹೊರಡಿಸುವಂತೆ ನೋಡಿಕೊಂಡರು. ಪೆರೋನ್ ಆ ಚುನಾವಣೆಯನ್ನು ಮೂರೇ ಪದಗಳಿಗೆ ಇಳಿಸಿದರು: ‘ಬ್ರೇಡನ್ ಅಥವಾ ಪೆರೋನ್’. ಎದುರಾಳಿ ಒಕ್ಕೂಟದಲ್ಲಿ ರಾಡಿಕಲ್ಲರಿಂದ ಹಿಡಿದು ಸಮಾಜವಾದಿಗಳು, ಕಮ್ಯುನಿಸ್ಟರವರೆಗೆ ಎಲ್ಲರೂ ಇದ್ದರು, ಅವರ ಅಭ್ಯರ್ಥಿ ಹೊಸೆ ತಂಬೊರಿನಿ. ಆದರೆ ಮತಪತ್ರದಲ್ಲಿ ಹೆಸರೇ ಇಲ್ಲದ ಬ್ರೇಡನ್ ಅವರ ಎದುರು ಪೆರೋನ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು.

2002ರ ಬೊಲಿವಿಯಾದಲ್ಲಿ ಇದರ ಮತ್ತೊಂದು ರೂಪ ಕಂಡಿತು. ಅಮೆರಿಕದ ರಾಯಭಾರಿ ಮ್ಯಾನುಯೆಲ್ ರೋಚಾ, ಕೋಕಾ ಬೆಳೆಗಾರರ ನಾಯಕ ಇವೊ ಮೊರಾಲೆಸ್ ಅವರಿಗೆ ಮತ ಹಾಕಿದರೆ ಅಮೆರಿಕದ ನೆರವು ನಿಲ್ಲಬಹುದೆಂದು ಮತದಾರರನ್ನು ಎಚ್ಚರಿಸಿದರು. ಅಲ್ಲಿಯವರೆಗೆ ಹಿಂದಿದ್ದ ಮೊರಾಲೆಸ್ ಸುಮಾರು ಶೇ 21ರಷ್ಟು ಮತ ಪಡೆದು, ವಿಜಯಿಗಿಂತ ಎರಡು ಶೇಕಡಾಂಶಕ್ಕೂ ಕಡಿಮೆ ಅಂತರದಲ್ಲಿ ಎರಡನೇ ಸ್ಥಾನಕ್ಕೆ ಬಂದರು. 2005ರ ಚುನಾವಣೆಯಲ್ಲಿ ಅಧ್ಯಕ್ಷರಾಗಿಯೇ ಆಯ್ಕೆಯಾದರು. ರಾಯಭಾರಿ ಯಾರನ್ನು ತಡೆಯಲು ಮಾತನಾಡಿದರೋ ಆತನೇ ದೇಶದ ಸ್ವಾಭಿಮಾನದ ಸಂಕೇತವಾದದ್ದು ಅಲ್ಲಿನ ಸಾಂಪ್ರದಾಯಿಕ ಪಕ್ಷಗಳಿಗೆ ಬಿದ್ದ ಪೆಟ್ಟು.

ಬೆದರಿಕೆಯ ಧ್ವನಿ ಇದ್ದರೆ ಜನಪ್ರಿಯ ನಾಯಕನ ಮಾತೂ ಕೆಲಸ ಮಾಡದು ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಬರಾಕ್ ಒಬಾಮ ಅವರನ್ನು ಬ್ರಿಟಿಷರು ಮೆಚ್ಚುತ್ತಿದ್ದರು. ಆದರೂ ಯುರೋಪ್ ಒಕ್ಕೂಟದಲ್ಲಿ ಉಳಿಯಬೇಕೇ ಎಂಬ ಜನಮತ ಗಣನೆಗೆ ಮುನ್ನ, 2016ರ ಏಪ್ರಿಲ್‌ನಲ್ಲಿ, ಅವರು ಉಳಿಯಬೇಕೆನ್ನುತ್ತಿದ್ದ ಪ್ರಧಾನಿ ಡೇವಿಡ್ ಕ್ಯಾಮರೂನ್ ಪಕ್ಕದಲ್ಲಿ ನಿಂತು, ಯುರೋಪ್ ಒಕ್ಕೂಟ ಬಿಟ್ಟರೆ ವ್ಯಾಪಾರ ಒಪ್ಪಂದಕ್ಕಾಗಿ ಬ್ರಿಟನ್ ಸಾಲಿನ ಕೊನೆಯಲ್ಲಿ ಕಾಯಬೇಕಾದೀತು ಎಂದದ್ದು ಕ್ಯಾಮರೂನ್ ಅವರ ಪಾಲಿಗೆ ನೆರವಾಗಲಿಲ್ಲ. ಒಕ್ಕೂಟ ಬಿಡಬೇಕೆನ್ನುವವರಿಗೆ ಹೊರಗಿನವರ ಬೆದರಿಕೆ ಎಂದು ತೋರಿಸಲು ಅದೊಂದು ಆಯುಧವಾಯಿತು.

ಈಗ ನೀವು ಕೇಳಿದ ಪೋಲೆಂಡ್. 2025ರ ಮೇ ಆರಂಭದಲ್ಲಿ ಟ್ರಂಪ್ ಶ್ವೇತಭವನದಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಯ ಬಲಪಂಥೀಯ ಅಭ್ಯರ್ಥಿ ಕಾರೊಲ್ ನವ್ರೋಟ್ಸ್ಕಿ ಅವರನ್ನು ಬರಮಾಡಿಕೊಂಡರು, ಮತದಾನಕ್ಕೆ ಕೆಲವೇ ದಿನವಿದ್ದಾಗ ಟ್ರಂಪ್ ಸಂಪುಟದ ಸಚಿವೆ ಕ್ರಿಸ್ಟಿ ನೋಮ್ ಪೋಲೆಂಡ್‌ಗೇ ಹೋಗಿ ನವ್ರೋಟ್ಸ್ಕಿ ಪರ ಮಾತನಾಡಿದರು. ಜೂನ್ 1ರಂದು ನವ್ರೋಟ್ಸ್ಕಿ ಶೇ 50.89 ಮತಗಳೊಂದಿಗೆ ಗೆದ್ದರು. ಪೋಲೆಂಡ್‌ಗೆ ಅಪಾಯ ಎಂದರೆ ರಷ್ಯಾ. ಪಕ್ಕದ ಉಕ್ರೇನ್‌ನಲ್ಲಿ ಯುದ್ಧ ನಡೆಯುತ್ತಿರುವಾಗ, ಸುಮಾರು ಹತ್ತು ಸಾವಿರ ಅಮೆರಿಕನ್ ಸೈನಿಕರು ತಮ್ಮ ನೆಲದಲ್ಲಿರುವಾಗ, ಅಮೆರಿಕದ ಅಧ್ಯಕ್ಷರ ಸ್ನೇಹ ಅಲ್ಲಿನ ಮತದಾರನಿಗೆ ಭದ್ರತೆಯ ಭರವಸೆಯಾಗಿ ಕಾಣುತ್ತದೆ. ಅದರ ಜೊತೆಗೆ, ಎರಡನೇ ಸುತ್ತಿನಲ್ಲಿ ಇಬ್ಬರೇ ಉಳಿಯುವ ಪದ್ಧತಿಯಿಂದಾಗಿ ವಿರೋಧಿ ಮತಗಳು ಹೇಗೂ ಒಂದೆಡೆ ಸೇರಿದ್ದವು. ಟ್ರಂಪ್ ಹೆಸರಿನಿಂದ ಹೊಸದಾಗಿ ಒಗ್ಗೂಡಲು ಹೆಚ್ಚೇನೂ ಉಳಿದಿರಲಿಲ್ಲ.

ಅರ್ಜೆಂಟಿನಾ ಇನ್ನೂ ಕುತೂಹಲಕರ, ಏಕೆಂದರೆ ಬ್ರೇಡನ್‌ರನ್ನು ತಿರಸ್ಕರಿಸಿದ ನೆಲ ಅದೇ. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಹವಿಯೆರ್ ಮಿಲೆ ಅವರ ಪಕ್ಷ ಬ್ಯೂನಸ್ ಐರಿಸ್ ಪ್ರಾಂತ್ಯದ ಚುನಾವಣೆಯಲ್ಲಿ ಭಾರಿ ಅಂತರದಿಂದ ಸೋತಿತು, ಅಲ್ಲಿನ ಕರೆನ್ಸಿ ಪೆಸೊದ ಮೌಲ್ಯ ಕುಸಿಯತೊಡಗಿತು. ಆಗ ಅಮೆರಿಕ 20 ಶತಕೋಟಿ ಡಾಲರ್‌ಗಳ ಕರೆನ್ಸಿ ವಿನಿಮಯ ವ್ಯವಸ್ಥೆಯನ್ನು ಮುಂದಿಟ್ಟಿತು. ಮಿಲೆ ಗೆಲ್ಲದಿದ್ದರೆ ಈ ಔದಾರ್ಯ ಇರುವುದಿಲ್ಲ ಎಂದು ಟ್ರಂಪ್ ಸ್ಪಷ್ಟವಾಗಿಯೇ ಹೇಳಿದರು. ಅಕ್ಟೋಬರ್ 26ರ ಸಂಸತ್ ಚುನಾವಣೆಯಲ್ಲಿ ಮಿಲೆ ಪಕ್ಷ ಸುಮಾರು ಶೇ 41 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. 1946ರಲ್ಲಿ ಯುದ್ಧಕಾಲದ ಗೋಧಿ ಮತ್ತು ಮಾಂಸದ ರಫ್ತಿನಿಂದ ಅರ್ಜೆಂಟಿನಾದ ಬೊಕ್ಕಸ ತುಂಬಿತ್ತು, ಅಮೆರಿಕದ ಮುನಿಸನ್ನು ಕಡೆಗಣಿಸುವ ಶಕ್ತಿ ಇತ್ತು. 2025ರಲ್ಲಿ ಜನರ ದೊಡ್ಡ ಭಯ ಮತ್ತೊಂದು ಹಣದುಬ್ಬರದ್ದಾಗಿತ್ತು, ಮತ್ತು ಬೆಂಬಲದ ಜೊತೆಗೆ ಡಾಲರ್ ಬಂದಿತ್ತು. ಮಾತಿನ ಬೆಂಬಲಕ್ಕೂ ಹಣದ ಬೆಂಬಲಕ್ಕೂ ಇರುವ ಅಂತರವನ್ನು ನಾವು ಕಡೆಗಣಿಸಬಾರದು.

ಅದೇ ವರ್ಷ ನೆರೆಯ ಬ್ರೆಜಿಲ್‌ನಲ್ಲಿ ಬಂದದ್ದು ದಂಡ. ಮಾಜಿ ಅಧ್ಯಕ್ಷ ಜೈರ್ ಬೊಲ್ಸೊನಾರೊ ಅವರ ಮೇಲಿನ ವಿಚಾರಣೆಯನ್ನು ನಿಲ್ಲಿಸಬೇಕೆಂದು ಒತ್ತಾಯಿಸಿ ಟ್ರಂಪ್ ಜುಲೈನಲ್ಲಿ ಶೇ 50ರ ಸುಂಕ ಘೋಷಿಸಿದರು. ವಿಚಾರಣೆ ನಿಲ್ಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಬೊಲ್ಸೊನಾರೊಗೆ 27 ವರ್ಷಕ್ಕೂ ಹೆಚ್ಚಿನ ಶಿಕ್ಷೆಯಾಯಿತು. ಆದರೆ ಸುಂಕದ ಬಿಸಿ ತಟ್ಟಿದ್ದು ಕಾಫಿ ಮತ್ತು ಮಾಂಸ ರಫ್ತು ಮಾಡುವವರಿಗೆ, ಅವರಲ್ಲಿ ಅನೇಕರು ಬೊಲ್ಸೊನಾರೊ ಬೆಂಬಲಿಗರೇ. ಜನಪ್ರಿಯತೆ ಕುಗ್ಗುತ್ತಿದ್ದ ಅಧ್ಯಕ್ಷ ಲೂಲಾ ಡ ಸಿಲ್ವ ಅವರಿಗೆ ದೇಶದ ಸಾರ್ವಭೌಮತ್ವದ ರಕ್ಷಕನಾಗಿ ಎದ್ದು ನಿಲ್ಲಲು ಅವಕಾಶ ಸಿಕ್ಕಿತು, ಸಮೀಕ್ಷೆಗಳಲ್ಲಿ ಅವರು ಚೇತರಿಸಿಕೊಂಡರು. ಬೊಲ್ಸೊನಾರೊ ಆಪ್ತರಾದ ಸಾವೊ ಪಾಲೊ ರಾಜ್ಯದ ಅಂದಿನ ಗವರ್ನರ್ ತಾರ್ಸಿಸಿಯೊ ಡಿ ಫ್ರೇಟಸ್, ಹಿಂದೆ ಟ್ರಂಪ್ ಘೋಷಣೆಯ ಕೆಂಪು ಟೋಪಿ ತೊಟ್ಟದ್ದಕ್ಕೆ ಆಗ ಸಮಜಾಯಿಷಿ ಕೊಡಬೇಕಾದ ಸ್ಥಿತಿಗೆ ಬಂದರು.

ದಕ್ಷಿಣ ಏಷ್ಯಾದಲ್ಲಿ ಈ ದೊಡ್ಡ ನೆರೆಯ ಸ್ಥಾನದಲ್ಲಿ ಹಲವು ಬಾರಿ ನಿಂತಿರುವುದು ಭಾರತವೇ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ಮಾಲ್ದೀವ್ಸ್ ಅಧ್ಯಕ್ಷ ಇಬ್ರಾಹಿಂ ಸೊಲಿಹ್, ಭಾರತಕ್ಕೆ ಹತ್ತಿರದವರೆಂಬ ಹಣೆಪಟ್ಟಿ ಹೊತ್ತು, ‘ಇಂಡಿಯಾ ಔಟ್’ ಪ್ರಚಾರದ ಅಲೆಯಲ್ಲಿ ಮೊಹಮ್ಮದ್ ಮುಯಿಝು ಎದುರು ಸೋತರು. ಅಲ್ಲಿದ್ದ ಭಾರತೀಯ ಸೇನಾ ಸಿಬ್ಬಂದಿಯ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ. ಆದರೂ ಪುಟ್ಟ ದ್ವೀಪರಾಷ್ಟ್ರದ ಮತದಾರನಿಗೆ ಅದು ದೊಡ್ಡ ಪ್ರಶ್ನೆಯಾಗಿತ್ತು.

ಪಾರಾಗುವ ದಾರಿಯ ಬಗ್ಗೆ ನೀವು ಕೇಳಿದ್ದೀರಿ. ಅದಕ್ಕೆ ಉತ್ತರವೂ ಕೆನಡಾದಲ್ಲೇ ಇದೆ. ಒಂಟಾರಿಯೊ ಪ್ರಾಂತ್ಯದ ಮುಖ್ಯಸ್ಥ ಡಗ್ ಫೋರ್ಡ್ ಕೂಡ ಕನ್ಸರ್ವೇಟಿವ್. ಟ್ರಂಪ್ ಗೆದ್ದ ದಿನ ತಮಗೆ ಸಂತೋಷವಾಗಿತ್ತೆಂದು ಅವರು ಹೇಳಿಕೊಂಡ ವಿಡಿಯೊ ಕೂಡ ಹೊರಬಂದಿತ್ತು. ಆದರೆ ಸುಂಕದ ಮಾತು ಬಂದ ಕೂಡಲೇ, ಜನವರಿ ಮಧ್ಯದಲ್ಲೇ, ‘ಕೆನಡಾ ಮಾರಾಟಕ್ಕಿಲ್ಲ’ ಎಂದು ಬರೆದ ಟೋಪಿ ಧರಿಸಿ ಅವರು ಸಭೆಗೆ ಬಂದರು, ಅಮೆರಿಕದ ಎದುರು ನಿಲ್ಲಲು ಜನಾದೇಶ ಬೇಕೆಂದು ಹೇಳಿ ಅವಧಿಗೆ ಮುನ್ನವೇ ಚುನಾವಣೆ ಘೋಷಿಸಿದರು, ಫೆಬ್ರುವರಿ 27ರಂದು ಸತತ ಮೂರನೇ ಬಾರಿ ಬಹುಮತ ಪಡೆದರು. ಎರಡು ತಿಂಗಳ ನಂತರ ಅದೇ ಒಂಟಾರಿಯೊದಲ್ಲಿ ಒಕ್ಕೂಟ ಚುನಾವಣೆಯಲ್ಲಿ ಹೆಚ್ಚು ಸ್ಥಾನ ಗೆದ್ದದ್ದು ಲಿಬರಲ್ ಪಕ್ಷ. ಟ್ರಂಪ್ ವಿಷಯವನ್ನು ಪ್ರಚಾರದ ಕೇಂದ್ರಕ್ಕೆ ತರಬೇಕೆಂದು ಫೋರ್ಡ್ ಅವರ ಚುನಾವಣಾ ತಂತ್ರಜ್ಞರು ಪೊಲಿಯೆವ್ ಪಾಳಯಕ್ಕೆ ಬಹಿರಂಗವಾಗಿ ಹೇಳಿದ್ದರೂ ಅಲ್ಲಿ ಅದು ತಡವಾಗಿ, ಅರೆಮನಸ್ಸಿನಿಂದ ನಡೆಯಿತು.

ಪೊಲಿಯೆವ್ ಏಕೆ ಹಾಗೆ ಮಾಡಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಫೋರ್ಡ್‌ಗೆ ಬಲಬದಿಯಿಂದ ಹೇಳಿಕೊಳ್ಳುವಂತಹ ಪೈಪೋಟಿ ಇರಲಿಲ್ಲ. ಪೊಲಿಯೆವ್ ಕಟ್ಟಿದ್ದ ಮೈತ್ರಿಯೊಳಗೆ ಟ್ರಂಪ್‌ರನ್ನು ಮೆಚ್ಚುವ ಗಣನೀಯ ಗುಂಪಿತ್ತು. ಕೋವಿಡ್ ನಿರ್ಬಂಧಗಳ ವಿರುದ್ಧದ 2022ರ ಲಾರಿ ಚಾಲಕರ ಪ್ರತಿಭಟನೆಯ ಜೊತೆ ನಿಂತೇ ಅವರು ಪಕ್ಷದ ನಾಯಕತ್ವಕ್ಕೆ ಏರಿದ್ದರು. ಆ ಗುಂಪನ್ನು ಸಿಟ್ಟಿಗೆಬ್ಬಿಸಿದರೆ, ಇನ್ನೂ ಬಲಕ್ಕಿರುವ ಮ್ಯಾಕ್ಸಿಂ ಬರ್ನಿಯೇ ಅವರ ಪೀಪಲ್ಸ್ ಪಾರ್ಟಿ 2021ರಲ್ಲಿ ಪಡೆದಿದ್ದ ಸುಮಾರು ಶೇ 5 ಮತ ಮತ್ತೆ ಅತ್ತ ಹೋಗುವ ಭಯವಿತ್ತು. ಸಿಟ್ಟಿಗೆಬ್ಬಿಸದಿದ್ದರೆ ಮಧ್ಯಮ ಮಾರ್ಗದ ಮತದಾರ ಕೈತಪ್ಪುತ್ತಿದ್ದ. ಅವರು ಮೊದಲನೆಯ ಅಪಾಯವನ್ನು ತಪ್ಪಿಸಿಕೊಂಡರು, ಬರ್ನಿಯೇ ಪಕ್ಷ ಶೇ 1ಕ್ಕಿಂತ ಕೆಳಗಿಳಿಯಿತು. ಶೇ 41.3ರ ಆ ದೊಡ್ಡ ಮೊತ್ತದಲ್ಲಿ ಆ ಮತಗಳೂ ಸೇರಿವೆ.